ಕಾಂಗ್ರೆಸ್ ಸೋಲಲೆಂದು ಹಾಕಿಸಿದ ಮತ ಈಗ ಯಾರ ಲೆಕ್ಕಕ್ಕೆ?

ನಾಗಮಂಗಲದ ಏಜೆಂಟ್ (2018 ಮೇ 15, ರಾತ್ರಿ 11.40)

ನಾನು ನಾಗಮಂಗಲ ತಾಲ್ಲೂಕಿನ ಒಂದು ಸಣ್ಣ ಊರಿನವನು. ಎರಡೂವರೆ ಎಕರೆ ತೆಂಗಿನ ತೋಟವಿದೆ, ಮಳೆ ಬಂದ ವರ್ಷ ರಾಗಿ ಬೆಳೆಯುತ್ತೇನೆ. ಮೊನ್ನೆ 12ರಂದು ನಮ್ಮೂರ ಶಾಲೆಯ ಮತಗಟ್ಟೆಯಲ್ಲಿ ಜೆಡಿಎಸ್ ಏಜೆಂಟಾಗಿ ಕೂತಿದ್ದೆ. ಪಕ್ಕದಲ್ಲಿ ಕಾಂಗ್ರೆಸ್ ಏಜೆಂಟಾಗಿ ಕೂತಿದ್ದವನು ನನ್ನ ಚಿಕ್ಕಪ್ಪನ ಮಗ, ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ಬೆಳಿಗ್ಗೆ ಆರಕ್ಕೆಲ್ಲ ಇಬ್ಬರೂ ಹೋಗಿ ಅಣಕು ಮತದಾನ ನೋಡಿದೆವು. ಯಂತ್ರಕ್ಕೆ ಹಾಕುವ ಹಸಿರು ಕಾಗದದ ಸೀಲಿನ ಮೇಲೆ ಅಣ್ಣನ ಸಹಿ, ಅದರ ಕೆಳಗೆ ನನ್ನ ಸಹಿ. ನನ್ನ ಪೆನ್ನು ಬರೆಯಲಿಲ್ಲ. ಅವನ ಕೈಯಲ್ಲಿ ಪೆನ್ನಿತ್ತು, ನಾನು ಕೇಳಲಿಲ್ಲ. ಅಧಿಕಾರಿಯ ಹತ್ತಿರ ತೆಗೆದುಕೊಂಡು ಸಹಿ ಮಾಡಿದೆ. ಸಂಜೆ ಆರರವರೆಗೆ ಒಂದೇ ಬೆಂಚಿನ ಮೇಲೆ ಕೂತು ನಾವು ಬಾಯಿ ಬಿಟ್ಟದ್ದು ಮತದಾರರ ಕ್ರಮಸಂಖ್ಯೆಯ ವಿಚಾರಕ್ಕೆ ಮಾತ್ರ.

ಮಾತು ನಿಂತದ್ದು 2016ರಲ್ಲಿ. ಅಂದಿನ ರಾಜ್ಯಸಭಾ ಚುನಾವಣೆಯಲ್ಲಿ ನಮ್ಮ ಶಾಸಕರೂ ಸೇರಿ ಜೆಡಿಎಸ್‌ನ ಕೆಲವರು ಕಾಂಗ್ರೆಸ್ ಕಡೆ ಮತ ಹಾಕಿದರಲ್ಲ, ಆಗ ನಮ್ಮ ಊರೇ ಎರಡು ಪಾಲಾಯಿತು. ಅಣ್ಣ ಶಾಸಕರ ಹಿಂದೆ ಹೋದ, ನಾನು ಪಕ್ಷದಲ್ಲಿ ಉಳಿದೆ. ಅಲ್ಲಿಂದೀಚೆಗೆ ಹಬ್ಬಕ್ಕೂ ಅವರ ಮನೆಯಿಂದ ನಮ್ಮ ಮನೆಗೆ ಒಬ್ಬಟ್ಟು ಬಂದಿಲ್ಲ, ನಮ್ಮ ಮನೆಯಿಂದ ಹೋಗಿಲ್ಲ.

ಇವತ್ತು ಬೆಳಿಗ್ಗೆ ನಾವು ಗೆದ್ದೆವು. ಮಂಡ್ಯ ಜಿಲ್ಲೆಯ ಏಳಕ್ಕೆ ಏಳೂ ನಮ್ಮವು. ಅಣ್ಣನ ಮನೆ ಮುಂದೆ ನಿಂತೇ ಹುಡುಗರು ಪಟಾಕಿ ಹಚ್ಚಿದರು, ನಾನು ಬೇಡ ಎನ್ನಲಿಲ್ಲ. ಮಧ್ಯಾಹ್ನ ಟಿವಿ ಹಾಕಿದರೆ ಕಾಂಗ್ರೆಸ್ ನಮಗೆ ಬೆಂಬಲ ಕೊಡುತ್ತಿದೆ, ಕುಮಾರಣ್ಣನೇ ಮುಖ್ಯಮಂತ್ರಿ ಎನ್ನುತ್ತಿದ್ದಾರೆ. ಪಟಾಕಿಯ ಚೂರು ಇನ್ನೂ ಅವರ ಬಾಗಿಲಲ್ಲಿ ಬಿದ್ದಿತ್ತು.

ಕುಮಾರಣ್ಣ ಮುಖ್ಯಮಂತ್ರಿಯಾದರೆ ನನಗಿಂತ ಸಂತೋಷಪಡುವವರು ಯಾರೂ ಇಲ್ಲ. ಆದರೆ ನಾನು ಮನೆಮನೆಗೆ ಹೋಗಿ ಕೈಮುಗಿದು ಕೇಳಿದ್ದು ಕಾಂಗ್ರೆಸ್ಸನ್ನು ಸೋಲಿಸಿ ಎಂದು. ಅವರು ನಮ್ಮನ್ನು ಬಿಜೆಪಿಯ ಬಿ ಟೀಂ ಎಂದು ಊರೂರಲ್ಲಿ ಹೇಳಿದರು. ಆ ಮತಗಳನ್ನು ಇಟ್ಟುಕೊಂಡು ಅದೇ ಕಾಂಗ್ರೆಸ್ ಜೊತೆ ಸರ್ಕಾರ ಮಾಡುವುದು ನ್ಯಾಯವೇ? ಕಾನೂನು ಒಪ್ಪುತ್ತದೆಯೇ? ನಾಳೆ ಮತದಾರರು ಕೇಳಿದರೆ ನಾನು ಏನು ಹೇಳಬೇಕು? ತಿಳಿದವರು ದಯವಿಟ್ಟು ಉತ್ತರಿಸಿ.

ಧಾರವಾಡದ ವಕೀಲೆ (ಮೇ 16, ಬೆಳಿಗ್ಗೆ 7.10)

ಕಾನೂನಿನ ಮಟ್ಟಿಗೆ ಇದರಲ್ಲಿ ತಪ್ಪೇನೂ ಇಲ್ಲ. ನೀವು ಸಹಿ ಹಾಕಿದ ಆ ಯಂತ್ರದ ಮೇಲೆ ನಾಗಮಂಗಲದ ಅಭ್ಯರ್ಥಿಗಳ ಹೆಸರಿತ್ತು, ಮುಖ್ಯಮಂತ್ರಿಯ ಹೆಸರು ಇರಲಿಲ್ಲ. ನಾವು ಆರಿಸುವುದು ಶಾಸಕರನ್ನು. ಮಂತ್ರಿಮಂಡಲವು ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರಬೇಕು ಎನ್ನುತ್ತದೆ ಸಂವಿಧಾನದ 164ನೇ ವಿಧಿ. ಅಂದರೆ ಸದನದ ವಿಶ್ವಾಸ ಯಾರಿಗಿದೆಯೋ ಅವರದು ಸರ್ಕಾರ.

ಜಯನಗರ, ರಾಜರಾಜೇಶ್ವರಿನಗರ ಬಿಟ್ಟು 222 ಕಡೆ ಮತದಾನವಾಗಿದೆ. ಬಹುಮತಕ್ಕೆ 112 ಬೇಕು. ಬಿಜೆಪಿ 104ಕ್ಕೆ ನಿಂತಿತು. ಕಾಂಗ್ರೆಸ್‌ನ 78, ಜೆಡಿಎಸ್‌ನ 37, ಅದರೊಂದಿಗೆ ಮೊದಲೇ ಮೈತ್ರಿ ಮಾಡಿಕೊಂಡಿದ್ದ ಬಿಎಸ್‌ಪಿಯ 1 ಸೇರಿದರೆ 116. ಕುಮಾರಸ್ವಾಮಿ ರಾಮನಗರ, ಚನ್ನಪಟ್ಟಣ ಎರಡರಲ್ಲೂ ಗೆದ್ದಿರುವುದರಿಂದ ಒಂದು ತಲೆ ಕಡಿಮೆ. ಆದರೂ ಸಾಕಷ್ಟಾಯಿತು.

ನಮ್ಮ ರಾಜ್ಯಕ್ಕೆ ಇದು ಹೊಸದೂ ಅಲ್ಲ. 1983ರಲ್ಲಿ ಜನತಾ ಪಕ್ಷ ಗೆದ್ದದ್ದು 95 ಸ್ಥಾನ. 18 ಸ್ಥಾನ ಗೆದ್ದಿದ್ದ ಬಿಜೆಪಿ ಹೊರಗಿನಿಂದ ಬೆಂಬಲ ಕೊಟ್ಟಿದ್ದರಿಂದಲೇ ರಾಮಕೃಷ್ಣ ಹೆಗಡೆಯವರು ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. 2004ರಲ್ಲಿ 79 ಗೆದ್ದ ಬಿಜೆಪಿ ಹೊರಗುಳಿಯಿತು, 65ರ ಕಾಂಗ್ರೆಸ್ ಮತ್ತು 58ರ ಜೆಡಿಎಸ್ ಸೇರಿ ಧರ್ಮಸಿಂಗ್ ಸರ್ಕಾರ ಬಂತು.

ತಕರಾರು ಇರುವುದು ರಾಜ್ಯಪಾಲರು ಮೊದಲು ಯಾರನ್ನು ಕರೆಯಬೇಕು ಎಂಬಲ್ಲಿ. ಕೇಂದ್ರ–ರಾಜ್ಯ ಸಂಬಂಧಗಳ ಬಗ್ಗೆ ವರದಿ ಕೊಟ್ಟ ಸರ್ಕಾರಿಯಾ ಆಯೋಗ ಒಂದು ಕ್ರಮ ಹೇಳಿದೆ. ಮೊದಲು ಚುನಾವಣಾಪೂರ್ವ ಮೈತ್ರಿಕೂಟ, ಆಮೇಲೆ ಇತರರ ಬೆಂಬಲವಿರುವ ಅತಿದೊಡ್ಡ ಪಕ್ಷ, ಅದಾದ ಮೇಲೆ ಚುನಾವಣೋತ್ತರ ಮೈತ್ರಿ. ಬಿಜೆಪಿಯವರು ಇದನ್ನು ಹಿಡಿದಿದ್ದಾರೆ. ಆದರೆ ಕಳೆದ ವರ್ಷ ಗೋವಾದಲ್ಲಿ 17 ಗೆದ್ದ ಕಾಂಗ್ರೆಸ್ಸನ್ನು ಬಿಟ್ಟು 13 ಗೆದ್ದ ಬಿಜೆಪಿಯ ಮನೋಹರ ಪರ್ರಿಕರ್ ಅವರನ್ನು ಕರೆದಾಗ, ಬೆಂಬಲದ ಪತ್ರಗಳ ಸಂಖ್ಯೆಯೇ ಮುಖ್ಯ ಎಂದಿದ್ದರು. ಅಲ್ಲಿಗೊಂದು ನ್ಯಾಯ, ಇಲ್ಲಿಗೊಂದು ನ್ಯಾಯ ಆಗಬಾರದು.

ಇದನ್ನು ಹುಬ್ಬಳ್ಳಿ–ಧಾರವಾಡದವಳಾಗಿ ಹೆಮ್ಮೆಯಿಂದಲೂ ನೋವಿನಿಂದಲೂ ಹೇಳುತ್ತೇನೆ. 1989ರ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿಯಾಗಿದ್ದ ನಮ್ಮ ಎಸ್.ಆರ್. ಬೊಮ್ಮಾಯಿಯವರು, ಸದನದಲ್ಲಿ ಬಹುಮತ ತೋರಿಸುತ್ತೇನೆ, ಅವಕಾಶ ಕೊಡಿ ಎಂದರು. ಕೊಡಲಿಲ್ಲ, ಸರ್ಕಾರ ವಜಾ ಆಯಿತು. ಐದು ವರ್ಷದ ಮೇಲೆ, 1994ರಲ್ಲಿ, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಅವರ ಮಾತನ್ನೇ ಎತ್ತಿಹಿಡಿಯಿತು. ಬಹುಮತ ಅಳೆಯಬೇಕಾದದ್ದು ರಾಜಭವನದಲ್ಲಲ್ಲ, ಸದನದಲ್ಲಿ. ತೀರ್ಪಿನಿಂದ ಅವರ ಕುರ್ಚಿ ಮರಳಿ ಬರಲಿಲ್ಲ, ದೇಶಕ್ಕೆ ಒಂದು ನಿಯಮ ಸಿಕ್ಕಿತು.

ನ್ಯಾಯವೇ ಎಂದು ಕೇಳಿದ್ದೀರಿ. ಅದಕ್ಕೆ ನನ್ನ ಪುಸ್ತಕಗಳಲ್ಲಿ ಉತ್ತರವಿಲ್ಲ.

ಬ್ಯಾಡಗಿ ಮೆಣಸಿನಕಾಯಿ (ಮೇ 16, ರಾತ್ರಿ 10.25)

ನಾನು ಬಿಜೆಪಿಗೆ ಮತ ಹಾಕಿದವನು, ಮುಚ್ಚಿಡುವುದಿಲ್ಲ. ಈಗಷ್ಟೇ ರಾಜ್ಯಪಾಲರು ಯಡಿಯೂರಪ್ಪನವರನ್ನು ಕರೆದಿದ್ದಾರೆ, ಬಹುಮತ ತೋರಿಸಲು ಹದಿನೈದು ದಿನ ಕೊಟ್ಟಿದ್ದಾರೆ. ವಕೀಲರು ಲೆಕ್ಕ ಹೇಳಿದರು, ಲೆಕ್ಕ ಸರಿಯಿದೆ. ಆದರೆ 122 ಇದ್ದ ಕಾಂಗ್ರೆಸ್ 78ಕ್ಕೆ ಇಳಿದಿದೆ. ಸಿದ್ದರಾಮಯ್ಯನವರು ಚಾಮುಂಡೇಶ್ವರಿಯಲ್ಲಿ 36 ಸಾವಿರ ಮತದಿಂದ ಸೋತರು, ಸೋಲಿಸಿದ್ದೂ ಜೆಡಿಎಸ್‌ನವರೇ. 40 ಇದ್ದ ನಮ್ಮ ಪಕ್ಷ 104ಕ್ಕೆ ಏರಿತು. ಜನ ಯಾರನ್ನು ಇಳಿಸಿದರು, ಯಾರನ್ನು ಏರಿಸಿದರು ಎನ್ನುವುದಕ್ಕೆ ಬೆಲೆಯೇ ಇಲ್ಲವೇ?

ನಾನು ಇಲ್ಲಿ ದಲಾಲಿ ಅಂಗಡಿ ನಡೆಸುತ್ತೇನೆ. ಹಂಗಾಮು ಶುರುವಾಗುವ ಮೊದಲೇ ಪಾಲುದಾರಿಕೆ ಪತ್ರ ಆಗಬೇಕು. ಯಾರ ಬಂಡವಾಳ ಎಷ್ಟು, ನಷ್ಟ ಬಂದರೆ ಯಾರ ತಲೆಗೆ, ಯಾರ ಸಹಿಯಿಂದ ಬ್ಯಾಂಕಿನ ಹಣ ತೆಗೆಯಬಹುದು, ಎಲ್ಲವೂ ಛಾಪಾ ಕಾಗದದ ಮೇಲೆ. ಮಾರ್ಚ್‌ವರೆಗೆ ಎದುರುಬದುರು ಅಂಗಡಿ ಇಟ್ಟು ಒಬ್ಬರ ಮಾಲನ್ನು ಇನ್ನೊಬ್ಬರು ಹಳಿದು, ಏಪ್ರಿಲ್‌ನಲ್ಲಿ ಲಾಭ ಹಂಚಿಕೊಳ್ಳಲು ಪಾಲುದಾರರಾದವರ ಅಂಗಡಿಗೆ ಮರುವರ್ಷ ರೈತ ಚೀಲ ಇಳಿಸುವುದಿಲ್ಲ.

ಇನ್ನೊಂದು ಮಾತು. 2006ರಲ್ಲಿ ಜೆಡಿಎಸ್ ನಮ್ಮ ಜೊತೆ ಬಂದಾಗ ಇಪ್ಪತ್ತು ತಿಂಗಳು ಅವರದು, ಇಪ್ಪತ್ತು ತಿಂಗಳು ನಮ್ಮದು ಎಂದಾಗಿತ್ತು. ನಮ್ಮ ಸರದಿ ಬಂದಾಗ ಕೊಡಲಿಲ್ಲ. ಕೊನೆಗೆ ಕೊಟ್ಟಂತೆ ಮಾಡಿ 2007ರ ನವೆಂಬರ್‌ನಲ್ಲಿ ಏಳೇ ದಿನಕ್ಕೆ ಕೈಬಿಟ್ಟರು. ಆ ದಿನ ನಮ್ಮ ಮಾರುಕಟ್ಟೆಯಲ್ಲಿ ಹಿರಿಯ ಹಮಾಲರೊಬ್ಬರು ಚೀಲ ಕೆಳಗಿಟ್ಟು ಅತ್ತದ್ದು ನೋಡಿದ್ದೇನೆ. ನಾಗಮಂಗಲದವರೇ, ಈ ನೋವು ನಿಮಗೆ ಈಗ ಮೊದಲ ಸಲ. ನಮಗೆ ಹನ್ನೊಂದು ವರ್ಷ ಹಳೆಯದು.

ಗೋವಾದ ವಿಷಯದಲ್ಲಿ ಮಾತ್ರ ವಕೀಲರಿಗೆ ಎದುರಾಡುವುದಿಲ್ಲ. ಅಲ್ಲಿ ನಮ್ಮವರು ಮಾಡಿದ್ದೂ ನನಗೆ ಸರಿಕಂಡಿರಲಿಲ್ಲ.

ಧಾರವಾಡದ ವಕೀಲೆ (ಮೇ 18, ಮಧ್ಯಾಹ್ನ 1.05)

ಪಾಲುದಾರಿಕೆ ಪತ್ರದ ಮಾತು ನನಗೂ ಒಪ್ಪಿಗೆ. ಹದಿನೈದು ದಿನದ ಮಾತು ಮಾತ್ರ ಮುಗಿದಂತಾಯಿತು. ಮೊನ್ನೆ ನಡುರಾತ್ರಿಯ ಮೇಲೆ ಸುಪ್ರೀಂ ಕೋರ್ಟ್ ಬಾಗಿಲು ತೆರೆದು ಬೆಳಗಿನ ಜಾವದವರೆಗೆ ವಾದ ಕೇಳಿತು, ಪ್ರಮಾಣವಚನಕ್ಕೆ ತಡೆ ಕೊಡಲಿಲ್ಲ. ಇವತ್ತಿನ ಆದೇಶ ಬೇರೆ: ನಾಳೆ ಸಂಜೆ ನಾಲ್ಕಕ್ಕೆ ಸದನದಲ್ಲೇ ಬಹುಮತ ತೋರಿಸಬೇಕು. ಹದಿನೈದು ದಿನವೆಂದರೆ ಶಾಸಕರನ್ನು ಬಸ್ಸಿನಲ್ಲಿ ತುಂಬಿಕೊಂಡು ಊರಿಂದೂರಿಗೆ ಅಲೆಸಲು ಹದಿನೈದು ದಿನ. ಅದು ತಪ್ಪಿತಲ್ಲ ಎಂಬುದೇ ಸಮಾಧಾನ.

ಸ್ಟುಟ್‌ಗಾರ್ಟ್ ಕನ್ನಡತಿ (ಮೇ 20, ಸಂಜೆ 6.30)

ನಿನ್ನೆ ಯಡಿಯೂರಪ್ಪನವರು ಮತಕ್ಕೆ ಹಾಕದೆಯೇ ರಾಜೀನಾಮೆ ಕೊಟ್ಟದ್ದನ್ನು ಇಲ್ಲಿ ಕೂತು ನೇರಪ್ರಸಾರದಲ್ಲಿ ನೋಡಿದೆ. ನಾಗಮಂಗಲದ ಅಣ್ಣನವರ ಪ್ರಶ್ನೆ ಓದಿದಾಗ ನಮ್ಮ ಕೆಳಮನೆಯ ಅಜ್ಜಿಯ ನೆನಪಾಯಿತು.

ಜರ್ಮನಿಯಲ್ಲಿ ಚುನಾವಣೆ ನಡೆದದ್ದು ಕಳೆದ ಸೆಪ್ಟೆಂಬರ್ 24ಕ್ಕೆ. ಸರ್ಕಾರ ಬಂದದ್ದು ಈ ಮಾರ್ಚ್ 14ಕ್ಕೆ. ಎಸ್‌ಪಿಡಿ ಎಂಬ ಪಕ್ಷ 20.5 ಶೇಕಡಾ ಮತ ಪಡೆದು ಎರಡನೇ ಮಹಾಯುದ್ಧದ ಮೇಲೆ ಹಿಂದೆಂದೂ ಕಾಣದ ಸೋಲು ಕಂಡಿತ್ತು. ಫಲಿತಾಂಶದ ಸಂಜೆಯೇ ಅದರ ನಾಯಕ ಮಾರ್ಟಿನ್ ಶುಲ್ಟ್ಸ್, ನಾವು ವಿರೋಧಪಕ್ಷದಲ್ಲಿ ಕೂರುತ್ತೇವೆ ಎಂದರು. ಚಾನ್ಸಲರ್ ಮೆರ್ಕೆಲ್ ಬೇರೆ ಪಕ್ಷಗಳೊಂದಿಗೆ ನಡೆಸಿದ ಮಾತುಕತೆ ನವೆಂಬರ್‌ನಲ್ಲಿ ಮುರಿದುಬಿತ್ತು. ಕೊನೆಗೆ ಅದೇ ಎಸ್‌ಪಿಡಿ ಮೆರ್ಕೆಲ್ ಜೊತೆ ಮಾತಿಗೆ ಕೂತಿತು. ಪಕ್ಷದ ಯುವಘಟಕ ಬೇಡವೇ ಬೇಡ ಎಂದು ಊರೂರು ತಿರುಗಿತು. ನಿಮ್ಮಲ್ಲಿ ಆದಂತೆಯೇ.

ನಂತರ ನಡೆದದ್ದು ಮಾತ್ರ ನಿಮ್ಮಲ್ಲಿ ನಡೆಯದ್ದು. ಎರಡೂ ಕಡೆಯವರು 170ಕ್ಕೂ ಹೆಚ್ಚು ಪುಟಗಳ ಒಪ್ಪಂದ ಬರೆದು, ಎಲ್ಲರೂ ಓದುವಂತೆ ಪ್ರಕಟಿಸಿದರು. ಬಳಿಕ ಎಸ್‌ಪಿಡಿ ತನ್ನ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಸದಸ್ಯರಿಗೆ ಅಂಚೆಯಲ್ಲಿ ಮತಪತ್ರ ಕಳಿಸಿ, ಸೇರೋಣವೇ ಬೇಡವೇ ಎಂದು ಕೇಳಿತು. ಅಜ್ಜಿ ಆ ಪಕ್ಷದ ಹಳೆಯ ಸದಸ್ಯೆ. ಲಕೋಟೆ ಅವರ ಅಡುಗೆಮನೆಯ ಮೇಜಿನ ಮೇಲೆ ನಾಲ್ಕು ದಿನ ಹಾಗೇ ಇತ್ತು. ಒಪ್ಪಂದದಲ್ಲಿ ಪಿಂಚಣಿಯ ಭಾಗ ಎಲ್ಲಿದೆ ಎಂದು ಹುಡುಕಿ, ಪೆನ್ಸಿಲ್‌ನಲ್ಲಿ ಗೆರೆ ಎಳೆದು ಓದುತ್ತಿದ್ದರು. ಮಾರ್ಚ್ 4ರಂದು ಫಲಿತಾಂಶ ಬಂತು, 66 ಶೇಕಡಾ ಜನ ಆಗಲಿ ಎಂದಿದ್ದರು. ಅಜ್ಜಿ ಬೇಡ ಎಂದು ಬರೆದಿದ್ದರಂತೆ. ಸಿಟ್ಟಿರಲಿಲ್ಲ ಅವರಿಗೆ. ನನ್ನನ್ನು ಕೇಳಿದರು, ನಾನು ಹೇಳಿದೆ ಎಂದರು, ಅಷ್ಟೇ.

ಐದೂವರೆ ತಿಂಗಳು ಕಾಯುವುದು ನಮಗೆ ಆಗದ ಮಾತು, ನನಗೆ ಗೊತ್ತು. ಒಪ್ಪಂದವನ್ನಾದರೂ ಬರೆದು ಜನರ ಕೈಗೆ ಕೊಡಬಹುದಲ್ಲ?

ನಾಗಮಂಗಲದ ಏಜೆಂಟ್ (ಮೇ 24, ರಾತ್ರಿ 9.50)

ಎಲ್ಲರಿಗೂ ನಮಸ್ಕಾರ. ವಕೀಲ ಮೇಡಂ, ನೀವು ಬರೆದದ್ದನ್ನು ನಾಲ್ಕು ಸಲ ಓದಿದೆ. ಬ್ಯಾಡಗಿಯವರೇ, 2007ರಲ್ಲಿ ನಾವು ಇಲ್ಲಿ ಅದನ್ನು ಚಾಣಾಕ್ಷತನ ಎಂದು ಮೆಚ್ಚಿಕೊಂಡಿದ್ದೆವು. ಆ ಹಮಾಲರು ಅತ್ತ ಮಾತು ಓದಿದ ಮೇಲೆ ಹಾಗೆ ಹೇಳಲು ನಾಲಿಗೆ ಏಳುವುದಿಲ್ಲ.

ನಿನ್ನೆ ವಿಧಾನಸೌಧದ ಮೆಟ್ಟಿಲ ಮೇಲೆ ಕುಮಾರಣ್ಣ ಪ್ರಮಾಣವಚನ ತೆಗೆದುಕೊಂಡದ್ದನ್ನು ಊರವರೆಲ್ಲ ಸೇರಿ ನೋಡಿದೆವು. ಜೊತೆಗೆ ಕಾಂಗ್ರೆಸ್ಸಿನ ಪರಮೇಶ್ವರ್ ಅವರು ಉಪಮುಖ್ಯಮಂತ್ರಿಯಾದರು. ಸೋನಿಯಾ ಗಾಂಧಿ, ಮಾಯಾವತಿ, ಮಮತಾ ಬ್ಯಾನರ್ಜಿ, ಚಂದ್ರಬಾಬು ನಾಯ್ಡು, ದೇಶದ ದೊಡ್ಡವರೆಲ್ಲ ಕೈ ಕೈ ಹಿಡಿದು ಎತ್ತಿದರು. ನೋಡಲು ಚೆನ್ನಾಗಿತ್ತು, ನನ್ನ ಕಣ್ಣೂ ತುಂಬಿತು. ನಮ್ಮ ಬೀದಿಯಲ್ಲಿ ಮಾತ್ರ ಯಾರೂ ಯಾರ ಕೈಯನ್ನೂ ಹಿಡಿಯಲಿಲ್ಲ. ಮೇಲಿನವರಿಗೆ ಒಂದು ಮಧ್ಯಾಹ್ನ ಸಾಕಾಯಿತು, ನಮಗೆ ಎರಡು ವರ್ಷದ ಬಿರುಕು.

ಕಾನೂನು ಸರಿ ಎಂದು ಒಪ್ಪಿದೆ. ನ್ಯಾಯದ ವಿಚಾರದಲ್ಲಿ ನನಗೆ ಅನ್ನಿಸಿದ್ದನ್ನು ಹೇಳುತ್ತೇನೆ. ಕೈಜೋಡಿಸಿದ್ದು ತಪ್ಪಲ್ಲ. ನಮ್ಮ ಪ್ರಣಾಳಿಕೆ ತೋರಿಸಿ ನಾನು ಮತ ಕೇಳಿದೆ. ಅಧಿಕಾರಕ್ಕೆ ಬಂದ 24 ಗಂಟೆಯಲ್ಲಿ ರೈತರ ಸಾಲ ಮನ್ನಾ ಎಂದು ನಾನೇ ಓದಿ ಹೇಳಿದ್ದೇನೆ. ಅಣ್ಣ ಅನ್ನಭಾಗ್ಯದ ಏಳು ಕೆಜಿ ಅಕ್ಕಿ ಹೇಳಿ ಮತ ಕೇಳಿದ. ಈಗ ಈ ಎರಡರಲ್ಲಿ ಯಾವುದು ಉಳಿಯಿತು, ಯಾವುದು ಹೋಯಿತು? ಸಾಲ ಮನ್ನಾ ಆದರೆ ಸಹಕಾರ ಸಂಘದ್ದು ಮಾತ್ರವೋ, ಬ್ಯಾಂಕಿನದ್ದೂ ಸೇರಿಯೋ? ಬೆಂಬಲ ಹಿಂದೆಗೆದುಕೊಳ್ಳುವ ಸಂದರ್ಭ ಬಂದರೆ ಯಾವ ಕಾರಣಕ್ಕೆ? ಅಧಿಕಾರದ ಸರದಿ ಏನಾದರೂ ಇದೆಯೇ? ಇವನ್ನು ಬರೆದು, ಇಬ್ಬರೂ ಸಹಿ ಹಾಕಿ, ಊರಿನ ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಲಿ. ಆಮೇಲೆ ನನ್ನನ್ನು ಯಾರು ಕೇಳಿದರೂ ಗೋಡೆ ತೋರಿಸುತ್ತೇನೆ. ಅದಿಲ್ಲದೆ ಮತ ಕೇಳಿದವನ ಬಾಯಿ ಕಟ್ಟಿದೆ. ನಮ್ಮ ಬೀದಿಯ ಒಬ್ಬ ಅಜ್ಜಿ ಇವತ್ತು ಹಾಲಿನ ಡೇರಿಯ ಮುಂದೆ ನಿಲ್ಲಿಸಿ, ಏನಪ್ಪಾ, ನಾನು ಒತ್ತಿದ್ದು ಯಾವ ಗುರುತು, ಬಂದದ್ದು ಯಾವ ಸರ್ಕಾರ ಎಂದು ಕೇಳಿದರು. ಆಗ ಉತ್ತರ ಹೇಳಲಾರದೆ ಡಬ್ಬಿ ಹಿಡಿದುಕೊಂಡು ಬಂದೆ.

ಇವತ್ತು ಸಂಜೆ ತೋಟದಲ್ಲಿ ಮೋಟಾರು ನಿಲ್ಲಿಸುತ್ತಿದ್ದೆ. ಅಣ್ಣ ಬದುವಿನ ಮೇಲೆ ಬಂದು ನಿಂತ. ಎರಡು ವರ್ಷದಲ್ಲಿ ನನ್ನ ತೋಟದ ಹತ್ತಿರ ಬಂದದ್ದು ಇದೇ ಮೊದಲು. ಪಟಾಕಿಯ ವಿಷಯಕ್ಕೆ ತಪ್ಪಾಯಿತು ಎಂದು ನಾನೇ ಮೊದಲು ಹೇಳಿದೆ. ಅವನು ಅದಕ್ಕೆ ಏನೂ ಹೇಳಲಿಲ್ಲ. ಬೇರೆ ಒಂದೇ ಮಾತು ಕೇಳಿದ: "ಮುಂದಿನ ವರ್ಷ ಲೋಕಸಭೆ ಚುನಾವಣೆ ಬರುತ್ತದೆ. ನಿಮ್ಮ ಅಭ್ಯರ್ಥಿಗೆ ನಾನು ಮತ ಕೇಳಬೇಕಾ?"

ಗೊತ್ತಿಲ್ಲ ಅಣ್ಣ ಎಂದೆ. ಸ್ವಲ್ಪ ಹೊತ್ತು ನಿಂತಿದ್ದು ಹೋದ.

ಎರಡು ಪಕ್ಷಗಳ ನಡುವೆ ಆದ ಒಪ್ಪಂದ ಎಲ್ಲಾದರೂ ಅಚ್ಚಾಗಿ ಸಿಕ್ಕರೆ ಯಾರಾದರೂ ಇಲ್ಲಿ ಹಾಕಿ. ಎರಡು ಪ್ರತಿ ತೆಗೆಸಿಕೊಳ್ಳುತ್ತೇನೆ.