ದಿನಗಟ್ಟಲೆ ಕರೆಂಟ್ ಹೋಗಿ ಬಂದ ಮೇಲೆ ಅನ್‌ಬೌಂಡ್ ಉತ್ತರಿಸುವುದಿಲ್ಲ: ಪ್ರೊಸೆಸರ್ ಬದಲಿಸಬೇಕೇ?

ಹೊಳೆದಂಡೆ:
ಎಲ್ಲರಿಗೂ ನಮಸ್ಕಾರ. ಹೊಸನಗರದ ಕಡೆಯ ನಮ್ಮ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ರಾಸ್ಪ್‌ಬೆರಿ ಪೈ 3ಬಿ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಅನ್‌ಬೌಂಡ್ ಎಂಬ ರಿಸಾಲ್ವರ್, ಅಂದರೆ ತಾಣದ ಹೆಸರಿಗೆ ಐಪಿ ವಿಳಾಸ ಹುಡುಕುವ ತಂತ್ರಾಂಶ, ಹಾಕಿದ್ದೇವೆ. ಇಂಥ ಹೆಸರು ಹುಡುಕುವ (ಡಿಎನ್‌ಎಸ್) ಪ್ರಶ್ನೆಗಳನ್ನು ಯಾವ ಕಂಪನಿಗೂ ಒಪ್ಪಿಸದೆ, ಹೆಸರುಗಳ ವ್ಯವಸ್ಥೆಯ ತುದಿಯಲ್ಲಿರುವ ರೂಟ್ ಸರ್ವರ್‌ಗಳಿಂದಲೇ ಆರಂಭಿಸಿ ಅದು ಉತ್ತರ ಹುಡುಕುತ್ತದೆ. ಒಂದೆರಡು ಗಂಟೆ ಕರೆಂಟ್ ಹೋಗಿ ಬಂದರೆ ಏನೂ ಆಗುವುದಿಲ್ಲ. ಆದರೆ ಮಳೆಗೆ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದೆ ಮತ್ತೆ ಬಂದಾಗ ಯಾವ ತಾಣವೂ ತೆರೆಯುವುದಿಲ್ಲ. ಪ್ರತಿ ಪ್ರಶ್ನೆಗೂ ಸರ್ವ್‌ಫೇಲ್, ಅಂದರೆ ಉತ್ತರ ಕೊಡಲಾಗಲಿಲ್ಲ ಎಂಬ ಸಂದೇಶ, ಬರುತ್ತದೆ. ಐಪಿ ವಿಳಾಸಗಳಿಗೆ ಪಿಂಗ್ ಹೋಗುತ್ತದೆ. ಡಿಎನ್‌ಎಸ್‌ಸೆಕ್ ಪರಿಶೀಲನೆಯನ್ನು, ಅಂದರೆ ಉತ್ತರಗಳು ಅಸಲಿಯೇ ಎಂದು ಅವುಗಳ ಡಿಜಿಟಲ್ ಸಹಿಯಿಂದ ನೋಡುವುದನ್ನು, ನಿಲ್ಲಿಸಿದರೆ ಕೂಡಲೇ ಎಲ್ಲವೂ ಸರಿಯಾಗುತ್ತದೆ.

ಸಹಿಗಳನ್ನು ಪರಿಶೀಲಿಸುವ ಲೆಕ್ಕ ಈ ಹಳೆಯ ಪ್ರೊಸೆಸರ್‌ಗೆ ಭಾರವಾಗುತ್ತಿದೆಯೇ? ಹಾಗಿದ್ದರೆ ಪೈ 5 ಕೊಳ್ಳಬೇಕೋ, ಇಂಟೆಲ್ ಎನ್100 ಇರುವ ಮಿನಿ ಪಿಸಿ ಕೊಳ್ಳಬೇಕೋ? ರೂಟ್ ಅಮೆರಿಕದ ಹಿಡಿತದಲ್ಲಿರುವುದರಿಂದ ಹೊರದೇಶದ ಸಣ್ಣ ರಿಸಾಲ್ವರ್‌ಗಳನ್ನು ಅವರು ತಡೆಯುತ್ತಾರೆ ಎಂಬುದು ನಮ್ಮ ಸಹೋದ್ಯೋಗಿಯೊಬ್ಬರ ವಾದ. ನಿನ್ನೆ ರಾತ್ರಿ ಕರೆಂಟ್ ಬಂದಿದೆ, ಯಂತ್ರ ಈಗಲೂ ಅದೇ ಸ್ಥಿತಿಯಲ್ಲಿದೆ.

ಬೇರುಕಾಂಡ:
ಯಾವುದನ್ನೂ ಕೊಳ್ಳುವ ಮೊದಲು ಎರಡು ವಿಷಯ ತಿಳಿಸಿ. ಪೈ ಮೇಲೆ ಡೇಟ್ ಆಜ್ಞೆ ಯಾವ ದಿನಾಂಕ ತೋರಿಸುತ್ತದೆ? ಅನ್‌ಬೌಂಡ್ ಸಂರಚನೆಯಲ್ಲಿ ವ್ಯಾಲ್-ಲಾಗ್-ಲೆವೆಲ್ (ಪರಿಶೀಲನೆ ಏಕೆ ಸೋತಿತೆಂದು ಬರೆಯಿಸುವ ಆಯ್ಕೆ) ಅನ್ನು 2ಕ್ಕೆ ಇಟ್ಟರೆ ಲಾಗ್‌ನಲ್ಲಿ ಏನು ಬರುತ್ತದೆ?

ಹೊಳೆದಂಡೆ:
ದಿನಾಂಕ ಎರಡೂವರೆ ದಿನ ಹಿಂದಿದೆ. ಸಹಿಯ ಆರಂಭ ದಿನಾಂಕ ಇನ್ನೂ ಬಂದಿಲ್ಲ ಎಂಬ ಅರ್ಥದ ಸಾಲು ಲಾಗ್‌ನಲ್ಲಿ ಮತ್ತೆ ಮತ್ತೆ ಬರುತ್ತಿದೆ.

ಬೇರುಕಾಂಡ:
ಹಾಗಾದರೆ ದೋಷ ಗಡಿಯಾರದ್ದು. ಪೈ 3ಬಿಯಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರವೇ ಇಲ್ಲ. ಕಡೆಯ ಬಾರಿ ಡಿಸ್ಕ್‌ನಲ್ಲಿ ಬರೆದಿಟ್ಟ ಸಮಯವನ್ನೇ ಅದು ಎದ್ದಾಗ ಈಗಿನ ಸಮಯವೆಂದು ಭಾವಿಸುತ್ತದೆ. ಡಿಎನ್‌ಎಸ್‌ಸೆಕ್‌ನ ಪ್ರತಿ ಸಹಿಗೂ ಆರಂಭ ಮತ್ತು ಅಂತ್ಯದ ಸಮಯಗಳಿರುತ್ತವೆ, ರೂಟ್ ವಲಯದ (ರೂಟ್ ಸರ್ವರ್‌ಗಳು ಕೊಡುವ ಮೇಲ್ಮಟ್ಟದ ಪಟ್ಟಿಯ) ದಾಖಲೆಗಳ ಸಹಿಗಳಂತೂ ಆಗಾಗ ಹೊಸದಾಗುತ್ತಲೇ ಇರುತ್ತವೆ. ನಿಮ್ಮ ಯಂತ್ರ ಮೊನ್ನೆಯಲ್ಲೇ ನಿಂತಿರುವುದರಿಂದ ಇವತ್ತಿನ ಸಹಿಯನ್ನು ಒಪ್ಪುತ್ತಿಲ್ಲ. ಗಡಿಯಾರದ ಸಣ್ಣ ವ್ಯತ್ಯಾಸವನ್ನು ಅನ್‌ಬೌಂಡ್ ಸಹಿಸುತ್ತದೆ: ಸಹಿಯ ಆಯುಸ್ಸಿನ ಶೇಕಡಾ 10ರಷ್ಟು, ಆದರೆ ಕನಿಷ್ಠ 1 ಗಂಟೆ, ಗರಿಷ್ಠ 1 ದಿನ. ಕೆಲವೇ ಗಂಟೆ ಕರೆಂಟ್ ಹೋದಾಗ ತೊಂದರೆಯಾಗದೆ, ದಿನಗಟ್ಟಲೆ ಹೋದಾಗ ಮಾತ್ರ ಎಲ್ಲವೂ ನಿಲ್ಲುವುದಕ್ಕೆ ಇದೇ ಕಾರಣ.

ಸಮಯ ತಾನಾಗಿಯೇ ಸರಿಹೋಗಬೇಕಿತ್ತಲ್ಲ ಎಂದು ನೀವು ಕೇಳಬಹುದು. ಸರಿಯಾದ ಸಮಯ ತಿಳಿಸುವ ಎನ್‌ಟಿಪಿ ಸರ್ವರ್‌ಗಳನ್ನು ಹೆಸರಿನಿಂದ ಹುಡುಕಬೇಕು, ಆ ಹೆಸರನ್ನು ಪೈ ತನ್ನದೇ ಅನ್‌ಬೌಂಡ್ ಬಳಿ ಕೇಳುತ್ತದೆ, ಅನ್‌ಬೌಂಡ್ ಸಮಯ ತಪ್ಪಿರುವುದರಿಂದ ಉತ್ತರ ಕೊಡುವುದಿಲ್ಲ, ಉತ್ತರ ಸಿಗದ ಕಾರಣ ಸಮಯವೂ ಸರಿಹೋಗುವುದಿಲ್ಲ. ಈ ಸುತ್ತನ್ನು ಮುರಿಯಲು ಡೊಮೇನ್-ಇನ್‌ಸೆಕ್ಯೂರ್ ಎಂಬ ಆಯ್ಕೆಗೆ ಎನ್‌ಟಿಪಿ ಡಾಟ್ ಆರ್ಗ್ ಎಂಬ ಹೆಸರನ್ನು ಕೊಡಿ. ಆ ಒಂದು ಹೆಸರಿನ ಕೆಳಗೆ ಮಾತ್ರ ಪರಿಶೀಲನೆ ನಿಲ್ಲುತ್ತದೆ. ಅದರ ಜೊತೆಗೆ ಡಿಎಸ್3231 ಗಡಿಯಾರದ ಮಾಡ್ಯೂಲ್ ಒಂದನ್ನು ಜೋಡಿಸುವುದು ಒಳ್ಳೆಯದು. ಪರಿಶೀಲನೆಯನ್ನೇ ಪೂರ್ತಿ ನಿಲ್ಲಿಸಿ ಕೈತೊಳೆದುಕೊಳ್ಳಬೇಡಿ.

ಇನ್ನು ಪ್ರೊಸೆಸರ್ ವಿಚಾರ. 3ಬಿಯಲ್ಲಿರುವುದು 1.2 ಗಿಗಾಹರ್ಟ್ಸ್‌ನ ನಾಲ್ಕು ಕಾರ್ಟೆಕ್ಸ್-ಎ53 ಕೋರ್‌ಗಳು. 2048 ಬಿಟ್‌ನ ಆರ್‌ಎಸ್‌ಎ ಸಹಿಯೊಂದನ್ನು ಪರಿಶೀಲಿಸಲು ಅದಕ್ಕೆ ಒಂದು ಮಿಲಿಸೆಕೆಂಡೂ ಬೇಡ. ಜಾಲದಲ್ಲಿ ಉತ್ತರಕ್ಕಾಗಿ ಕಾಯುವ ಹೊತ್ತು ಅದರ ಹತ್ತಾರು ಪಟ್ಟು. ತಮಾಷೆಯೆಂದರೆ, ನೀವು ಎನ್100 ಕೊಂಡಿದ್ದರೆ ಸಮಸ್ಯೆ ಖಂಡಿತ ಮಾಯವಾಗುತ್ತಿತ್ತು, ಏಕೆಂದರೆ ಅಂಥ ಪಿಸಿಗಳ ಬೋರ್ಡ್ ಮೇಲೆ ಗಡಿಯಾರಕ್ಕೊಂದು ಬಿಲ್ಲೆ ಬ್ಯಾಟರಿ ಇರುತ್ತದೆ. ಪ್ರೊಸೆಸರ್ ಬದಲಿಸಿದ್ದಕ್ಕೇ ಸರಿಹೋಯಿತೆಂದು ನಾವೆಲ್ಲ ನಂಬಿಬಿಡುತ್ತಿದ್ದೆವು. ಪೈ 5ರಲ್ಲಿ ಗಡಿಯಾರವೇನೋ ಇದೆ, ಆದರೆ ಅದರ ಬ್ಯಾಟರಿಯನ್ನು ಬೇರೆಯಾಗಿ ಕೊಳ್ಳಬೇಕು.

ನೆಲದನಿ:
ಸಹೋದ್ಯೋಗಿಯ ಅನುಮಾನವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬಾರದು. 13 ರೂಟ್ ಸರ್ವರ್ ಹೆಸರುಗಳನ್ನು ನಡೆಸುವ 12 ಸಂಸ್ಥೆಗಳಲ್ಲಿ 9 ಅಮೆರಿಕದವು. ಮಾಹಿತಿ ಸಮಾಜದ ಬಗ್ಗೆ 2005ರಲ್ಲಿ ನಡೆದ ಟ್ಯೂನಿಸ್ ಶೃಂಗಸಭೆಯಲ್ಲಿ ಜಗಳ ನಡೆದದ್ದೇ ಈ ಹಿಡಿತದ ಬಗ್ಗೆ. 2011ರಲ್ಲಿ ಭಾರತವೇ ವಿಶ್ವಸಂಸ್ಥೆಯಲ್ಲಿ ಅಂತರ್ಜಾಲದ ನೀತಿಗಳಿಗಾಗಿ 50 ದೇಶಗಳ ಸಮಿತಿಯೊಂದು ಬೇಕೆಂದು ಪ್ರಸ್ತಾಪಿಸಿತ್ತು. ಇದೇ ಕಾರಣಕ್ಕೆ ನಾನು ಇಂಟೆಲ್, ಪೈಯಲ್ಲಿರುವ ಆರ್ಮ್ ಎರಡನ್ನೂ ಬಿಟ್ಟು ರಿಸ್ಕ್-ವಿ ಪ್ರೊಸೆಸರ್‌ನ ಬೋರ್ಡ್ ಸೂಚಿಸುತ್ತೇನೆ; ಐಐಟಿ ಮದ್ರಾಸಿನ ಶಕ್ತಿ ಪ್ರೊಸೆಸರ್‌ಗಳೂ ಆ ಮುಕ್ತ ಸೂಚನಾ ಸಮೂಹದ ಮೇಲೆಯೇ ನಿಂತಿವೆ.

ಬೇರುಕಾಂಡ:
ಆ ಇತಿಹಾಸವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ರೂಟ್ ವಲಯದ ಬದಲಾವಣೆಗಳ ಮೇಲೆ ಅಮೆರಿಕದ ವಾಣಿಜ್ಯ ಇಲಾಖೆಗಿದ್ದ ಮೇಲ್ವಿಚಾರಣೆ 2016ರ ಅಕ್ಟೋಬರ್ 1ಕ್ಕೆ ಕೊನೆಯಾಯಿತು. ಹೆಸರುಗಳ ವ್ಯವಸ್ಥೆಯನ್ನು ನಿರ್ವಹಿಸುವ ಐಕ್ಯಾನ್ ಸಂಸ್ಥೆ ಕ್ಯಾಲಿಫೋರ್ನಿಯಾದ ಕಾನೂನಿನ ಅಡಿಯಲ್ಲೇ ಉಳಿದಿದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಹಾಗಿದ್ದರೂ ಈ ಪ್ರಕರಣದಲ್ಲಿ ರೂಟ್ ಸರ್ವರ್‌ಗಳು ಉತ್ತರ ಕಳುಹಿಸಿವೆ. ಅದನ್ನು ತಿರಸ್ಕರಿಸಿದ್ದು ಹೊಸನಗರದ ಪೈ. ರಿಸ್ಕ್-ವಿ ಬೋರ್ಡ್ ಮೇಲೂ ಇದೇ ಅನ್‌ಬೌಂಡ್ ಓಡುತ್ತದೆ, ಇದೇ ರೂಟ್ ಕೀಲಿಯನ್ನು ನಂಬುತ್ತದೆ, ಬ್ಯಾಟರಿಯ ಗಡಿಯಾರ ಇಲ್ಲದಿದ್ದರೆ ಇದೇ ರೀತಿ ನಿಲ್ಲುತ್ತದೆ. ಕಲಿಯುವ ಆಸೆಗೆ ಅದನ್ನು ಕೊಳ್ಳಿ, ಈ ಕಾಯಿಲೆಗೆ ಅದು ಮದ್ದಲ್ಲ.

ಹಿಡಿತದ ಬಗ್ಗೆ ಕಾಳಜಿ ಇರುವವರು ರೂಟ್ ಡಾಟ್ ಕೀ ಎಂಬ ಕಡತವನ್ನು ಒಮ್ಮೆ ತೆರೆದು ನೋಡಿ. ಯಾರ ಸಹಿಯನ್ನು ನಂಬಬೇಕೆಂಬುದು ಅಲ್ಲಿ, ನಿಮ್ಮದೇ ಡಿಸ್ಕ್‌ನಲ್ಲಿದೆ. 2018ರ ಅಕ್ಟೋಬರ್ 11ರಿಂದ ಬಳಕೆಗೆ ಬಂದ ಕೀಲಿಯ ಗುರುತು 20326. ಕೀಲಿ ಬದಲಾಗುವ ಕಾಲದಲ್ಲಿ ಯಂತ್ರ ತಿಂಗಳುಗಟ್ಟಲೆ ಆರಿದ್ದರೆ, ಹೊಸ ಕೀಲಿಯನ್ನು ಅದು ತಾನಾಗಿ ಕಲಿಯದೆ ಇರಬಹುದು. ಆಗ ಕೀಲಿಯನ್ನು ಹೊಸದಾಗಿ ತರುವ ಅನ್‌ಬೌಂಡ್-ಆಂಕರ್ ಓಡಿಸಬೇಕು.

ಹೊಳೆದಂಡೆ:
ಡೊಮೇನ್-ಇನ್‌ಸೆಕ್ಯೂರ್ ಸಾಲು ಸೇರಿಸಿದ ಮೇಲೆ ಜಾಲದ ತಂತಿ ತೆಗೆದು, ಗಡಿಯಾರವನ್ನು ಬೇಕೆಂದೇ ಹಿಂದಕ್ಕೆ ಇಟ್ಟು, ಅನ್‌ಬೌಂಡ್ ಮರಳಿ ಆರಂಭಿಸಿ ತಂತಿ ಹಾಕಿದೆ. ಸ್ವಲ್ಪ ಹೊತ್ತಿನಲ್ಲೇ ಸಮಯ ತಾನಾಗಿ ಸರಿಹೋಯಿತು, ತಾಣಗಳೂ ತೆರೆದವು. ಡಿಎಸ್3231 ಬರುವವರೆಗೆ ಇಷ್ಟು ಸಾಕೆಂದು ತೋರುತ್ತದೆ. ಆ ಮಾಡ್ಯೂಲ್ ಹಾಕಿದ ಮೇಲೆ ಸಮಯವನ್ನು ಡಿಸ್ಕ್‌ನಲ್ಲಿ ಬರೆದಿಡುವ ಫೇಕ್-ಎಚ್‌ಡಬ್ಲ್ಯೂಕ್ಲಾಕ್ ಅನ್ನು ತೆಗೆಯಬೇಕೇ?

ಬೇರುಕಾಂಡ:
ಹೌದು, ತೆಗೆಯಿರಿ. ಡೊಮೇನ್-ಇನ್‌ಸೆಕ್ಯೂರ್ ಸಾಲು ಮಾತ್ರ ಹಾಗೆಯೇ ಇರಲಿ, ಆ ಮಾಡ್ಯೂಲ್‌ನ ಬ್ಯಾಟರಿಯೂ ಒಂದು ದಿನ ಮುಗಿಯುತ್ತದೆ.