ಬಿರುಗಾಳಿಗೆ ಮುನ್ನ ಗೇರುಬೀಜದ ಗೋದಾಮು: ಮಾಡಿನ ದುರಸ್ತಿ ಮೊದಲೋ, ವಿಮೆ ಮೊದಲೋ?

ಕುಂದಾಪುರ ಗೋದಾಮು:
ಗೇರುಬೀಜದ ಕಾರ್ಖಾನೆ ನಡೆಸುವವರಿಗೆ ಮೇ ತಿಂಗಳಷ್ಟು ಅಪಾಯದ ಕಾಲ ಬೇರೊಂದಿಲ್ಲ. ಫೆಬ್ರವರಿಯಿಂದ ಕೊಂಡು ಒಣಗಿಸಿದ ಬೀಜವೆಲ್ಲ ಗೋಣಿಚೀಲಗಳಲ್ಲಿ ತುಂಬಿ ಗೋದಾಮಿನಲ್ಲಿರುವುದು ಆಗಲೇ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಗೆ ಅಪ್ಪಳಿಸಿದಾಗ ಲಾಕ್‌ಡೌನ್ ಇತ್ತು. ಆಳುಗಳನ್ನು ಕರೆಸಿ ಚೀಲ ಎತ್ತಿಡಿಸಲಾಗದೆ, ಮಾಡಿನ (ಛಾವಣಿಯ) ನಾಲ್ಕು ಶೀಟು ಹಾರಿಹೋದ ಜಾಗದಲ್ಲಿ ಬೀಜಕ್ಕೆಲ್ಲ ಬೂಷ್ಟು ಹಿಡಿಯಿತು. ಈಗ ಕೈಯಲ್ಲಿರುವ ಹಣದಲ್ಲಿ ಮಾಡಿನ ಬೋಲ್ಟುಗಳನ್ನು ಬದಲಿಸಿ, ಚೀಲಗಳ ಅಡಿಗೆ ಮರದ ಹಲಗೆ ಹಾಕಿಸಲೋ ಅಥವಾ ವಿಮೆಯ ಮೊತ್ತ ಏರಿಸಲೋ? ಅನುಭವಸ್ಥರು ತಿಳಿಸಬೇಕು.

ಕಾಪು ಹಾರ್ಡ್‌ವೇರ್:
ವಿಮೆಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಅದೇ ತೌಕ್ತೆಯಲ್ಲಿ ನನ್ನ ಅಂಗಡಿಯ 6 ಲಕ್ಷ ರೂಪಾಯಿಯ ಸಿಮೆಂಟು, ಪೇಂಟು ಹಾಳಾದಾಗ ಕಂಪನಿ ಕೊಟ್ಟದ್ದು 3 ಲಕ್ಷಕ್ಕಿಂತ ಕಡಿಮೆ. ಕಂತನ್ನು ಪೂರ್ತಿ ಕಟ್ಟಿಸಿಕೊಂಡು ಅರ್ಧ ಕೊಡುವುದು ಹಗಲುದರೋಡೆ.

ನಿವೃತ್ತ ಭೂಗೋಳ ಶಿಕ್ಷಕ:
‘ನಮ್ಮ ಕರಾವಳಿಗೆ ಅಪ್ಪಳಿಸಿದಾಗ’ ಎಂಬ ಮಾತು ತಪ್ಪು. ತೌಕ್ತೆ ನೆಲ ಮುಟ್ಟಿದ್ದು ಮೇ 17ರ ರಾತ್ರಿ, ಗುಜರಾತಿನ ಊನಾದ ಬಳಿ. ನಮ್ಮ ಎದುರು ಅದರ ಕೇಂದ್ರ ಸಮುದ್ರದಲ್ಲೇ ಉತ್ತರಕ್ಕೆ ಸಾಗಿತು.

ಕಾಪು ಹಾರ್ಡ್‌ವೇರ್:
ಮಾಡು ಹಾರಿಸಿಕೊಂಡವನ ಮುಂದೆ ನಕಾಶೆ ಬಿಡಿಸುವುದು ಸರಿಯಲ್ಲ.

ಲೆಕ್ಕಪತ್ರದವನು:
‘ಅರ್ಧ ಕೊಡುವುದು ದರೋಡೆ’ ಎಂದಿದ್ದೀರಿ. ಅಂಗಡಿಯಲ್ಲಿ 40 ಲಕ್ಷದ ಮಾಲಿದ್ದು, ವಿಮೆ 20 ಲಕ್ಷಕ್ಕಷ್ಟೇ ಇದ್ದರೆ, ಮಾಲಿನ ಅರ್ಧಕ್ಕಷ್ಟೇ ವಿಮೆ ಎಂದು ನಷ್ಟದಲ್ಲೂ ಅರ್ಧವನ್ನೇ ಕೊಡುತ್ತಾರೆ: 6 ಲಕ್ಷದ ನಷ್ಟಕ್ಕೆ 3 ಲಕ್ಷವೇ ಲೆಕ್ಕಕ್ಕೆ ಬರುತ್ತದೆ; ಅದರಲ್ಲೂ ಪಾಲಿಸಿದಾರನೇ ಹೊರಬೇಕಾದ ಪಾಲನ್ನು ಕಳೆಯುತ್ತಾರೆ. 2021ರ ಏಪ್ರಿಲ್ 1ರಿಂದ ಸಣ್ಣ ಉದ್ಯಮಗಳಿಗಾಗಿ ಜಾರಿಗೆ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ ವಿಮೆಯ ಮೊತ್ತದ ಶೇ. 15ರವರೆಗಿನ ಕೊರತೆಗೆ ವಿನಾಯಿತಿ ಇದೆ, ಅದಕ್ಕೂ ಮೀರಿದರೆ ಇಲ್ಲ.

ಕಾಪು ಹಾರ್ಡ್‌ವೇರ್:
ನನ್ನದು 2020ರಲ್ಲಿ ಮಾಡಿಸಿದ ಪಾಲಿಸಿ. ಅಂದು ಈ ಲೆಕ್ಕವನ್ನು ಹೇಳಿದವರು ಯಾರೂ ಇರಲಿಲ್ಲ. ಹೇಳದೆ ಕತ್ತರಿಸುವುದನ್ನು ನಾನು ದರೋಡೆ ಎಂದೇ ಕರೆಯುತ್ತೇನೆ.

ಮಲ್ಪೆ ಐಸ್‌ಪ್ಲಾಂಟ್:
‘ಸಮುದ್ರದಲ್ಲೇ ಸಾಗಿತು’ ಎಂದು ಬರೆದ ಶಿಕ್ಷಕರು ಅಂದಿನ ಅಲೆಗಳನ್ನು ನೋಡಿಲ್ಲ. ನಮ್ಮ ಹಿಂಬದಿಯ ಕಾಂಪೌಂಡ್ ಗೋಡೆ ಅಡಿಪಾಯಸಮೇತ ಕಡಲಿಗೆ ಹೋಯಿತು. ಇದಕ್ಕೆ ಅಪ್ಪಳಿಸುವುದು ಎನ್ನದೆ ಇನ್ನೇನೆನ್ನಬೇಕು?

ನಿವೃತ್ತ ಭೂಗೋಳ ಶಿಕ್ಷಕ:
ಕಡಲ್ಕೊರೆತ ಎನ್ನಬೇಕು. ಪದದ ಬಗ್ಗೆ ನಾನು ಹಟ ಹಿಡಿಯುವುದು ಇದಕ್ಕಾಗಿಯೇ: ಬಿರುಗಾಳಿ, ಚಂಡಮಾರುತ, ನೆರೆಗಳಿಂದಾದ ನಷ್ಟವನ್ನು ಪಾಲಿಸಿ ಒಪ್ಪುತ್ತದೆ, ತೀರ ಕೊರೆದು ನೆಲ ಕುಸಿದರೆ ಒಪ್ಪುವುದಿಲ್ಲ. ‘ಚಂಡಮಾರುತ ಬಡಿಯಿತು’ ಎಂದು ಗೋಡೆಗೂ ಮಾಡಿಗೂ ಒಂದೇ ಅರ್ಜಿ ಬರೆದರೆ, ಗೋಡೆಯ ತಕರಾರಿನಲ್ಲಿ ಮಾಡಿನ ಹಣವೂ ತಿಂಗಳುಗಟ್ಟಲೆ ನಿಲ್ಲುತ್ತದೆ.

ಮಲ್ಪೆ ಐಸ್‌ಪ್ಲಾಂಟ್:
ಹಾಗಾದರೆ ಗಾಳಿ ಎಬ್ಬಿಸಿದ ಅಲೆ ಗಾಳಿಯದಲ್ಲವೇ? ಜೂನ್ 1ರಿಂದ ಮೀನುಗಾರಿಕೆ ನಿಷೇಧ. ಮೇ ಕೊನೆಯ ವಾರಗಳ ದುಡಿಮೆಯೇ ನಮ್ಮ ಮಳೆಗಾಲದ ಅನ್ನ. ಆ ದಿನಗಳಲ್ಲೇ ಕರೆಂಟು ಹೋಗಿ, ನೀರು ಹೊಕ್ಕ ಮೋಟಾರನ್ನು ಆತುರದಲ್ಲಿ ಚಾಲೂ ಮಾಡಿ ವೈಂಡಿಂಗ್ ಸುಟ್ಟುಕೊಂಡವನು ನಾನು. ನೀವು ಶಬ್ದಕೋಶ ತೆರೆದು ಕೂತಿದ್ದೀರಿ.

ನಿವೃತ್ತ ಭೂಗೋಳ ಶಿಕ್ಷಕ:
ಅಲೆ ಗಾಳಿಯದೇ, ಗೋಡೆ ಬಿದ್ದದ್ದು ಅಡಿಯ ಮರಳು ಹೋದದ್ದರಿಂದ. ಕೋಪದಿಂದ ಕಾರಣ ಬದಲಾಗುವುದಿಲ್ಲ.

ಕಾಪು ಹಾರ್ಡ್‌ವೇರ್:
ಕಂಪನಿಯ ವಕೀಲರು ಆಡಬೇಕಾದ ಮಾತನ್ನು ತಾವೇ ಆಡುತ್ತಿದ್ದೀರಿ.

ಕುಂದಾಪುರ ಗೋದಾಮು:
ದಯವಿಟ್ಟು ನನ್ನ ಪ್ರಶ್ನೆಗೆ ಬನ್ನಿ. ಮಾಲು ನೆನೆದರೆ ನಷ್ಟ ಅಂದಾಜಿಸುವ ಸರ್ವೇಯರ್ ಬರುವವರೆಗೆ ಮುಟ್ಟಬಾರದೆಂದು ಎಲ್ಲರೂ ಹೇಳುತ್ತಾರೆ. ಆದರೆ ಒಂದೆರಡು ದಿನ ಬಿಟ್ಟರೂ ಒದ್ದೆ ಬೀಜದ ಬೂಷ್ಟು ಪಕ್ಕದ ಒಣ ಚೀಲಕ್ಕೆ ಹರಡುತ್ತದೆ.

ಲೆಕ್ಕಪತ್ರದವನು:
‘ಮುಟ್ಟಬಾರದು’ ಎಂಬುದು ಅರ್ಧಸತ್ಯ. ನಷ್ಟ ಹೆಚ್ಚದಂತೆ ನೋಡಿಕೊಳ್ಳುವುದು ಪಾಲಿಸಿದಾರನ ಹೊಣೆ. ಕಂಪನಿಗೆ ಕೂಡಲೇ ತಿಳಿಸಿ, ಚೀಲಗಳಿದ್ದ ಜಾಗದಲ್ಲೇ ಫೋಟೊ ತೆಗೆದು, ಒದ್ದೆಯನ್ನು ಒಣದಿಂದ ಬೇರ್ಪಡಿಸಿ. ಎಸೆಯುವುದು ಮಾತ್ರ ಬೇಡ. ದಾಸ್ತಾನು ಪುಸ್ತಕದ ಪ್ರತಿ ಗೋದಾಮಿನಿಂದ ಹೊರಗೆ ಇರಲಿ. ಹಾಳಾದ ಸರಕಿನ ಮೇಲೆ ಪಡೆದ ಜಿಎಸ್‌ಟಿ ಹೂಡುವಳಿ ತೆರಿಗೆಯನ್ನು (ಕೊಳ್ಳುವಾಗ ಕಟ್ಟಿ, ಮುಂದೆ ಕಟ್ಟುವ ತೆರಿಗೆಯಲ್ಲಿ ಕಳೆದುಕೊಂಡ ಮೊತ್ತವನ್ನು) ಹಿಂತಿರುಗಿಸಬೇಕಾಗುತ್ತದೆ. ಆ ಮೊತ್ತವನ್ನೂ ಅರ್ಜಿಯಲ್ಲಿ ಕೇಳಿ. ವಿಮೆಯ ಮೊತ್ತವನ್ನು ಮೇ ತಿಂಗಳ ದಾಸ್ತಾನಿಗೆ ಹೊಂದಿಸಿ.

ಕಾಪು ಹಾರ್ಡ್‌ವೇರ್:
ಇಷ್ಟೆಲ್ಲ ಮಾಡಿದವರಿಗೂ ಪೂರ್ತಿ ಹಣ ಬಂದ ಒಂದೇ ಒಂದು ಉದಾಹರಣೆ ಕೊಡಿ. ಬೋಲ್ಟು, ಹಲಗೆಯಾದರೆ ಕಣ್ಣಿಗೆ ಕಾಣುತ್ತವೆ.

ಮಲ್ಪೆ ಐಸ್‌ಪ್ಲಾಂಟ್:
ಬೋಲ್ಟು ಕಾಣುತ್ತದೆ, ಅದರ ತುಕ್ಕು ಕಾಣುವುದಿಲ್ಲ. ಕಡಲ ಗಾಳಿಗೆ ಶೀಟಿನ ಅಡಿಯಲ್ಲೇ ಕೊರೆಯುತ್ತದೆ. ಅಂಚಿನ ಸಾಲಿನ ಬೋಲ್ಟುಗಳನ್ನು ಬಿಚ್ಚಿಸಿ ನೋಡಿ, ಏಕೆಂದರೆ ಶೀಟು ಏಳುವುದು ಅಂಚಿನಿಂದಲೇ. ಆದರೆ ನನ್ನ ಗೋಡೆ ಬಿದ್ದದ್ದು ಚಂಡಮಾರುತದಿಂದಲೇ. ಆ ಮಾತನ್ನು ನಾನು ಹಿಂದಕ್ಕೆ ಪಡೆಯುವುದಿಲ್ಲ.

ಕುಂದಾಪುರ ಗೋದಾಮು:
ಇಂದು ಮಧ್ಯಾಹ್ನ ಪಡುವಣ ಅಂಚಿನ ಎರಡು ಬೋಲ್ಟು ಬಿಚ್ಚಿಸಿದೆ. ಒಂದು ಕೈಯಲ್ಲೇ ಮುರಿಯಿತು. ನಾಳೆ ಪೂರ್ತಿ ಸಾಲು ಬದಲಿಸಲು ಫಿಟ್ಟರ್ ಬರುತ್ತಾನೆ. ಗೋದಾಮು ಅರ್ಧ ತುಂಬಿದ್ದಾಗ ಬರೆದುಕೊಟ್ಟ ದಾಸ್ತಾನಿನ ಲೆಕ್ಕವನ್ನು ತಿದ್ದಿಸಲು ವಿಮಾ ಕಚೇರಿಗೆ ನಾನೇ ಹೋಗುತ್ತೇನೆ.