ಹಳೇ ಮ್ಯೂಸಿಕಲ್ ಹಾಕಿದ್ರ ಕಾಲೇ ಕಾಣ್ತಿಲ್ಲ, ಯಾಕ್ರಿ?

ಪ್ರಶ್ನೆ: ಕಲಬುರಗ್ಯಾಗ ಮಾಳಗಿ ಮ್ಯಾಲ 8 ಅಡಿ ಅಗಲದ ಪರದೆ, ಪ್ರೊಜೆಕ್ಟರ್. ‘ಸಿಂಗಿಂಗ್ ಇನ್ ದ ರೇನ್’ (1952) ಅನ್ನೋ ಹಾಡು-ಕುಣಿತದ ಇಂಗ್ಲಿಷ್ ಸಿನಿಮಾ ಹಾಕಿದ್ರ ಕುಣಿಯೋರ ಕಾಲು ಕಟ್ ಆಗ್ತಾವ.

ಉತ್ತರ 1: ಝೂಮ್ ಆನ್ ಅದ ನೋಡ್ರಿ. ಆ ಚಿತ್ರದ ಅಗಲ-ಎತ್ತರದ ಅಳತಿ 1.37:1, ನಿಮ್ಮ ಪರದೆದು 16:9, ಅಂದ್ರ ಇನ್ನೂ ಅಗಲ. ಝೂಮ್ ಮಾಡಿದ್ರ ಮ್ಯಾಲ-ಕೆಳಗ ಕೂಡಿ ಚಿತ್ರದ ಹತ್ತಿರ ಹತ್ತಿರ ನಾಲ್ಕನೇ ಒಂದು ಭಾಗ ಹೋಗ್ತದ. ಬಂದ್ ಮಾಡಿದ್ರ ಎರಡೂ ಬಾಜು ಸುಮಾರು 11 ಇಂಚು ಕಪ್ಪು ಉಳೀತದ. ಉಳೀಲಿ ಬಿಡ್ರಿ, ಎಳದ್ರ ಎಲ್ಲಾರೂ ಡುಮ್ಮ ಆಗ್ತಾರ.

ಉತ್ತರ 2: ಬ್ಲೂಟೂತ್ ಸ್ಪೀಕರ್ ಬ್ಯಾಡ, ಟ್ಯಾಪ್ ಡ್ಯಾನ್ಸಿನ ಬೂಟಿನ ಸಪ್ಪಳ ಹೆಜ್ಜಿಗಿಂತ ತಡ ಬರ್ತದ. ವೈರ್ ಹಚ್ರಿ. ಮೋಷನ್ ಸ್ಮೂಥಿಂಗ್ (ನಡುವ ಹೊಸ ಫ್ರೇಮ್ ಸೇರಿಸಿ ಚಲನೆ ನುಣುಪು ಮಾಡೋ ಸೆಟ್ಟಿಂಗ್) ಸೈತ ಬಂದ್ ಮಾಡ್ರಿ. ಅದು ಆನ್ ಇದ್ರ ಸೆಕೆಂಡಿಗೆ 24 ಫ್ರೇಮಿನ ಸಿನಿಮಾದ ಕತ್ತಿ ಕಾಳಗ ಟಿವಿ ಸೀರಿಯಲ್ ಕಂಡಂಗ ಆಗ್ತದ.

ಉತ್ತರ 3: ‘ಲಾರೆನ್ಸ್ ಆಫ್ ಅರೇಬಿಯಾ’ (1962) ಹಾಕಿದ್ರ ಕಪ್ಪು ಪಟ್ಟಿ ಮ್ಯಾಲ-ಕೆಳಗ ಬರ್ತಾವ, ಆ ಚಿತ್ರ ಪರದೆಕಿಂತ ಅಗಲ ಅದ. ಶುರುವಿಗೆ ಬರೇ ಸಂಗೀತ, ಚಿತ್ರ ಇರಂಗಿಲ್ಲ. ಕೆಟ್ಟದಂತ ಬಂದ್ ಮಾಡ್ಬ್ಯಾಡ್ರಿ. ಮೇ ತಿಂಗಳಾಗ ಪ್ರೊಜೆಕ್ಟರ್ ಸ್ಟೂಲ್ ಮ್ಯಾಲ ಇಡ್ರಿ, ಕಾದ ಸ್ಲ್ಯಾಬಿನ ಮ್ಯಾಲಲ್ಲ.